ದೋಣಿಗೆ ಜಾಲರಿ, ಬೋರಯ್ಯನಿಗೆ ಜಲಪಾತ

"ಈ ಸಲ ಮಳೆಗಾಲದಲ್ಲಿ ನಮ್ಮ ಮನೆ ದೋಣಿಯೊಳಗೆ ಒಂದೇ ಒಂದು ಎಲೆ ಬಿದ್ರೂ ನನ್ನ ಹೆಸರು ಶಿವರಾಮು ಅಲ್ಲ!"

ಮಂಡ್ಯದ ಗುತ್ತಲಿನ ತಮ್ಮ ಮನೆಯ ಮಹಡಿಯ ಮೇಲೆ ನಿಂತು, ಕಾಫಿ ಲೋಟವನ್ನು ಎತ್ತಿ ಹಿಡಿದು ಶಿವರಾಮು ಹೀಗೆ ಶಪಥ ಮಾಡಿದಾಗ ಕೇಳಿಸಿಕೊಳ್ಳಲು ಅಲ್ಲಿದ್ದವಳು ಹೆಂಡತಿ ನಾಗಮಣಿ ಒಬ್ಬಳೇ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ತಲೆಯನ್ನೂ ಎತ್ತದೆ ಕೇಳಿದಳು:

"ಮತ್ತೇನಂತ ಕರೀಬೇಕು? ಈಗ್ಲೇ ಹೇಳ್ಬುಡಿ. ರೇಷನ್ ಕಾರ್ಡಲ್ಲಿ ತಿದ್ದಿಸೋಕೆ ಟೈಮ್ ಹಿಡಿಯುತ್ತೆ."

ಇಲ್ಲಿ ದೋಣಿ ಎಂದರೆ ಹೊಳೆ ದಾಟಿಸುವ ದೋಣಿಯಲ್ಲ. ಶಿವರಾಮುವಿನ ಮಹಡಿಗೆ ಬಿಸಿಲು ತಡೆಯಲೆಂದು ಹಾಕಿಸಿದ ಶೀಟಿನ ಮಾಡು ಇದೆಯಲ್ಲ, ಅದರ ಅಂಚಿನುದ್ದಕ್ಕೂ ಮಳೆನೀರು ಹಿಡಿಯಲು ಕೂರಿಸಿದ ತಗಡಿನ ದೋಣಿ. ಮಾಡಿನ ನೀರು ದೋಣಿಗೆ ಬಿದ್ದು, ದೋಣಿಯಿಂದ ಪೈಪಿಗೆ ಇಳಿದು, ಪೈಪಿನಿಂದ ಸಂಪು ಸೇರಬೇಕು. ಕಟ್ಟಿಸುವಾಗ ಹಾಗೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದೇ ಇದ್ದದ್ದು ಪಕ್ಕದ ಮನೆ ಬೋರಯ್ಯನ ಹೊಂಗೆ ಮರ ಮಾತ್ರ. ಅದರ ಬೇರು ಬೋರಯ್ಯನ ಅಂಗಳದಲ್ಲಿ, ಕೊಂಬೆ ಶಿವರಾಮುವಿನ ಮಾಡಿನ ಮೇಲೆ. ನೆರಳು ಅವರಿಗೆ, ತರಗು ಇವರಿಗೆ! ಎಲೆ, ಹೂವು, ಕಾಯಿ ಎಲ್ಲವೂ ದೋಣಿಯಲ್ಲಿ ಬಿದ್ದು, ಕೊಳೆತು, ಹೋದ ವರ್ಷ ಪೈಪು ಕಟ್ಟಿಕೊಂಡು, ನೀರು ಗೋಡೆಯ ಮೇಲೆ ಹರಿದು ಮಲಗುವ ಕೋಣೆಯ ಹೊಸ ಪೇಂಟು ಹಪ್ಪಳದ ಹಾಗೆ ಎದ್ದು ಬಂದಿತ್ತು.

ಕೊಂಬೆ ಕಡಿಸಿ ಎಂದು ಕೇಳಿಯೂ ಆಗಿತ್ತು. ಬೋರಯ್ಯ ಹನಕೆರೆಯ ಹತ್ತಿರ ಆಲೆಮನೆ ನಡೆಸುವ ಮನುಷ್ಯ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿ ಚಿಕ್ಕಮಾದಮ್ಮನೇ ಆಡುತ್ತಿದ್ದಳು.

"ಕಡುಸ್ತೀವಿ ಮೇಷ್ಟ್ರೆ, ಅದುಕ್ಕೇನಂತೆ? ನಿಮ್ಮ ಕಾರ್ನ ದಿನಾ ನಮ್ಮ ಮರದ ನೆಳ್ಳಲ್ಲೇ ಅಲ್ವಾ ನಿಲ್ಸದು? ಕಾರ್ಗೆ ಬ್ಯಾರೆ ನೆಳ್ಳು ನೋಡ್ಕಳಿ. ಇವತ್ತೇ ಕಡುಸ್ತೀವಿ."

ಶಿವರಾಮು ಹಾಗೇ ವಾಪಸು ಬಂದಿದ್ದ. ಆದರೆ ಅವನು ಸಾಮಾನ್ಯ ಮನುಷ್ಯನಲ್ಲವಲ್ಲ! ಮದ್ದೂರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರು. ನೀರು ಯಾಕೆ ಕೆಳಕ್ಕೆ ಹರಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ತೋರಿಸಿದವನು. ಅಂಥವನಿಗೆ ಒಂದು ಮರ ಸವಾಲು ಹಾಕುವುದೆಂದರೇನು?

"ದೋಣಿಗೆ ಜಾಲರಿ ಹಾಕ್ತೀನಿ," ಎಂದ. "ನೀರು ಒಳಕ್ಕೆ, ಎಲೆ ಹೊರಕ್ಕೆ. ಫಾರಿನ್ನಲ್ಲೆಲ್ಲ ಹಂಗೇ."

"ವರ್ಷಕ್ಕೆ ಎರಡು ಸಲ ಸ್ಟೂಲ್ ಹತ್ತಿ ಕೈಯಲ್ಲಿ ಬಾಚಿ ಹಾಕಿದ್ರೆ ಆಗಲ್ವಾ?"

"ಮತ್ತೆ ವಿಜ್ಞಾನ ಇರೋದು ಯಾತಕ್ಕೆ?"

"ಸ್ಟೂಲ್ ಹತ್ತೋಕೆ ಸೋಮಾರಿತನ ಇರೋರಿಗೆ," ಎಂದಳು ನಾಗಮಣಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರಿಗೆ ಉತ್ತರ ಕೊಡುವವಳು. ಮನೆಗೆ ಬಂದ ಮೇಲೂ ಅವಳ ಕೌಂಟರು ಮುಚ್ಚುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಜಾಲರಿಯ ಸ್ವಯಂವರ. ಶಿವರಾಮು ಮೊಬೈಲಿನಲ್ಲಿ ವಿಡಿಯೋ ನೋಡಿದ, ಊಟ ಮಾಡುತ್ತ ನೋಡಿದ, ಮದ್ದೂರಿನ ರೈಲಿನಲ್ಲಿ ನೋಡಿದ, ನೋಡುತ್ತ ನೋಡುತ್ತ ಒಂದು ದಿನ ಮದ್ದೂರು ಬಿಟ್ಟು ಮುಂದಿನ ಸ್ಟೇಷನ್ನಿನಲ್ಲಿ ಇಳಿದ. ಕೊನೆಗೆ ಮದ್ದೂರಿನ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ನುಗ್ಗಿದ. ಅಂಗಡಿಯವನು ಮೊದಲು ಹಸಿರು ಪ್ಲಾಸ್ಟಿಕ್ ಜಾಲರಿ ತೋರಿಸಿದ. ಶಿವರಾಮು, "ಇದು ಕೋಳಿಗೂಡಿಗೆ ಸರಿ," ಎಂದ. ಆಮೇಲೆ ದೋಣಿಯೊಳಗೆ ತುರುಕುವ ಸ್ಪಂಜು ತೋರಿಸಿದ. "ಇದು ಹಾಸಿಗೆಗೆ ಸರಿ." ದೋಣಿಯುದ್ದಕ್ಕೂ ಮಲಗಿಸುವ, ಬಾಟಲಿ ತೊಳೆಯುವ ಬ್ರಷ್ಷಿನಂಥದ್ದು ಬಂತು. "ಇದನ್ನ ನಮ್ಮ ಪ್ರಿನ್ಸಿಪಾಲರ ಮೀಸೆಗೆ ಹೋಲಿಸಬಹುದು, ಅಷ್ಟೇ." ಅಂಗಡಿಯವನು ಬೇಸತ್ತು ಅಟ್ಟದಿಂದ ಧೂಳು ಹಿಡಿದ ಒಂದು ಸುರುಳಿ ಇಳಿಸಿದ. ಸ್ಟೀಲಿನ ಜಾಲರಿ. ಕಣ್ಣುಗಳು ಎಷ್ಟು ಸಣ್ಣವೆಂದರೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿದ್ದವು!

"ಇದೇನ್ ಸಾ, ಯಾರೂ ಕೇಳಲ್ಲ ಇದ್ನ," ಎಂದ ಅಂಗಡಿಯವನು.

ಯಾರೂ ಕೇಳದ್ದು ಎಂದ ಕೂಡಲೇ ಅದು ತನಗಾಗಿಯೇ ಹುಟ್ಟಿದ್ದೆಂದು ಶಿವರಾಮುವಿಗೆ ಖಾತ್ರಿಯಾಯಿತು. ಸುರುಳಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದ.

"ನೋಡು! ಇದರೊಳಗೆ ಸೊಳ್ಳೆ ಕೂಡ ಹೋಗಲ್ಲ!"

ನಾಗಮಣಿ ಜಾಲರಿಯ ಮೇಲೆ ಬೆರಳಾಡಿಸಿದಳು. "ಸೊಳ್ಳೆ ಹೋಗಲ್ಲ ಸರಿ. ನೀರು ಹೋಗುತ್ತಾ?"

ಶಿವರಾಮು ನಕ್ಕ. ಹಿಂದಿನ ಬೆಂಚಿನ ಹುಡುಗರು ಅಡ್ಡ ಪ್ರಶ್ನೆ ಕೇಳಿದಾಗ ನಗುವ ನಗೆ.

ಅಳವಡಿಸುವ ಕೆಲಸವನ್ನೂ ತಾನೇ ಮಾಡುವುದೆಂದು ತೀರ್ಮಾನವಾಯಿತು. ಮಹಡಿಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು, ಮೈಯನ್ನು ಹೊರಕ್ಕೆ ಚಾಚಿ ಸ್ಕ್ರೂ ಹಾಕಬೇಕು. ನಾಗಮಣಿ ಒಳಗೆ ಹೋಗಿ, ಕೆರಗೋಡಿನ ತವರುಮನೆಯಿಂದ ಯಾವತ್ತೋ ತಂದಿದ್ದ ಎತ್ತಿನ ಹಗ್ಗವೊಂದನ್ನು ಹುಡುಕಿ ತಂದು, ಗಂಡನ ಸೊಂಟಕ್ಕೆ ಒಂದು ತುದಿ, ಮಾಡಿನ ಕಂಬಕ್ಕೆ ಇನ್ನೊಂದು ತುದಿ ಬಿಗಿದಳು. ಶಿವರಾಮು ಆ ಕಡೆಗೂ ಈ ಕಡೆಗೂ ಜಗ್ಗಿದಾಗಲೆಲ್ಲ ಕಂಬ ಕಿರ್ ಎನ್ನುತ್ತಿತ್ತು.

"ನಮ್ಮಪ್ಪನ ಮನೆ ಎತ್ತೂ ಇಷ್ಟು ಎಳೆದಾಡ್ತಿರಲಿಲ್ಲ," ಎಂದಳು ನಾಗಮಣಿ.

"ಜಾಲರೀನ ಹೊರಕ್ಕೆ ವಾಲಿಸಿ ಕೂರಿಸ್ತಾ ಇದೀನಿ ಕಣೆ! ಮಾಡು ಎಷ್ಟು ಇಳಿಜಾರೋ ಇದೂ ಅಷ್ಟೇ ಇಳಿಜಾರು. ಎಲೆ ಬಿತ್ತು ಅಂತಿಟ್ಕೋ. ಸುಂಯ್ ಅಂತ ಜಾರಿ ಹೊರಕ್ಕೆ!"

"ಹೊರಕ್ಕೆ ಅಂದ್ರೆ ಎಲ್ಲಿಗೆ?"

ಶಿವರಾಮು ಸುತ್ತ ನೋಡಿ ದನಿ ತಗ್ಗಿಸಿದ. "ಬೋರಯ್ಯನ ಅಂಗಳಕ್ಕೆ. ಅವರ ಎಲೆ ಅವರಿಗೆ! ನ್ಯಾಯ ಅಂದ್ರೆ ಇದು."

"ಎಲೆ ಜಾರುತ್ತೆ. ನೀರು ಜಾರಲ್ವಾ?"

ಈ ಸಲ ಅವನಿಗೆ ನಿಜವಾಗಿ ಕೋಪ ಬಂತು. ಒಂದು ಚೊಂಬು ನೀರು ತರಿಸಿದ. ಜಾಲರಿಯ ಮೇಲೆ ನಿಧಾನವಾಗಿ, ಎಳೆಮಗುವಿಗೆ ನೀರು ಹಾಕುವಂತೆ ಸುರಿದ. ನೀರು ತುಸು ಯೋಚಿಸಿ, ಜಾಲರಿಯ ಕಣ್ಣುಗಳೊಳಗೆ ಇಳಿದು, ದೋಣಿಯಲ್ಲಿ ಹರಿದು, ಪೈಪಿನಲ್ಲಿ ಗುಳುಗುಳು ಎಂದಿತು.

"ನೋಡಿದ್ಯಾ?"

ನಾಗಮಣಿ ಆಕಾಶ ನೋಡಿದಳು. "ಮಳೆ ಚೊಂಬಲ್ಲಿ ಬರುತ್ತಾ ರೀ?" ಎಂದು ಕೇಳಬೇಕೆಂದಿದ್ದವಳು, ಸೊಂಟದ ಹಗ್ಗದೊಂದಿಗೆ ಗಂಡ ನಿಂತಿದ್ದ ಭಂಗಿ ನೋಡಿ ಪಾಪ ಎನ್ನಿಸಿ ಸುಮ್ಮನಾದಳು.

ಅನಂತರದ ದಿನಗಳು ಶಿವರಾಮುವಿನ ಸುವರ್ಣಯುಗ. ಬೇಸಿಗೆಯ ಗಾಳಿಗೆ ಹೊಂಗೆ ಎಲೆ ಉದುರುತ್ತಿತ್ತು, ಜಾಲರಿಯ ಮೇಲೆ ಬೀಳುತ್ತಿತ್ತು, ಸುಂಯ್ ಎಂದು ಜಾರಿ ಬೋರಯ್ಯನ ಅಂಗಳ ಸೇರುತ್ತಿತ್ತು. ಶಿವರಾಮು ಬೆಳಗಿನ ಕಾಫಿಯನ್ನು ಮಹಡಿಯ ಮೇಲೆಯೇ ಕುಡಿಯತೊಡಗಿದ. ಕೆಳಗಿನಿಂದ ಚಿಕ್ಕಮಾದಮ್ಮನ ಪೊರಕೆಯ ಸದ್ದು, ಜೊತೆಗೆ ಅವಳ ಗೊಣಗಾಟ:

"ಇದ್ಯಾಕವ್ವ ನಾಗಮಣಿ, ಈ ವರ್ಸ ಮರ ಇಂಗೆ ಎಲೆ ಉದುರುಸ್ತಾ ಅದೆ? ಗುಡ್ಸಿ ಗುಡ್ಸಿ ಸೊಂಟ ಬಿದ್ದೋಯ್ತು ಕಣವ್ವ!"

ನಾಗಮಣಿ ಗಂಡನ ಮುಖ ನೋಡುತ್ತಿದ್ದಳು. ಗಂಡ ಆಕಾಶದ ಕಾಗೆ ನೋಡುತ್ತಿದ್ದ.

ಹೀಗಿರುವಾಗ ಬೋರಯ್ಯನ ಮಗಳು ದೀಪಿಕಳಿಗೆ ಗಂಡು ಗೊತ್ತಾಯಿತು. ಹುಡುಗ ಅಶೋಕ್, ಮಳವಳ್ಳಿ ಕಡೆಯವನು, ಅಲ್ಲೇ ಹೈಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಇಲ್ಲದ ಹುಡುಗನಾದ್ದರಿಂದ ಆ ಮನೆಯಲ್ಲಿ ಅವನ ಸೋದರಮಾವ ಹೊನ್ನಯ್ಯ ಹೇಳಿದ್ದೇ ಕೊನೆಯ ಮಾತು. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಕೈಕಾಲು ತೊಳೆದುಕೊಂಡು ಹೊರಡುವುದು. ಹಿಂದೆ ಒಂದು ಸಂಬಂಧ ತಾಂಬೂಲದವರೆಗೂ ಬಂದು ತಪ್ಪಿಹೋಗಿತ್ತು. ಆಗ ದೀಪಿಕ ತಿಂಗಳುಗಟ್ಟಲೆ ಹೊರಗೆ ಮುಖ ತೋರಿಸಿರಲಿಲ್ಲ. ಹಾಗಾಗಿ ತಾಂಬೂಲ ಬದಲಾಯಿಸುವ ಶಾಸ್ತ್ರಕ್ಕೆ ಕರೆಯಲು ಬಂದ ಚಿಕ್ಕಮಾದಮ್ಮನ ಕಣ್ಣಲ್ಲಿ ಸಂತೋಷದಷ್ಟೇ ದಿಗಿಲೂ ಇತ್ತು.

"ಗಂಡಿನ ಕಡೆಯೋರು ಬಲು ಸೂಕ್ಸ್ಮ ಕಣವ್ವ. ಆ ಒನ್ನಯ್ಯ ಅಂತೂ ಲೋಟದಲ್ಲಿ ಒಂದು ಕಸ ಕಂಡ್ರೂ ಎದ್ದೋಯ್ತಾರಂತೆ. ಮೇಷ್ಟ್ರೆ, ನೀವು ನಮ್ಮನೆ ಅಣ್ಣತಮ್ಮನಂಗೆ ನಿಂತ್ಕಂಡು ನಡೆಸ್ಕೊಡ್ಬೇಕು."

"ನೀವೇನೂ ಯೋಚನೆ ಮಾಡಬೇಡಿ ಚಿಕ್ಕಮಾದಮ್ಮ! ನಾನಿದ್ದೀನಿ!" ಎಂದು ಶಿವರಾಮು ಎದೆ ತಟ್ಟಿಕೊಂಡ. ಅಂಗಳದ ಎಲೆಗಳ ನೆನಪಾಗಿ ಆ ತಟ್ಟು ಸ್ವಲ್ಪ ಜೋರಾಗಿಯೇ ಬಿತ್ತು.

ಶಾಸ್ತ್ರದ ದಿನ ಬೆಳಗ್ಗೆ ಸುಡುಬಿಸಿಲು. ಬೋರಯ್ಯನ ಮನೆಯ ಗೋಡೆಯಿಂದ ಶಿವರಾಮುವಿನ ಕಾಂಪೌಂಡಿನವರೆಗೂ ಕೆಂಪು ಬಿಳಿ ಪಟ್ಟೆಯ ಶಾಮಿಯಾನ ಎಳೆದು ಕಟ್ಟಿದ್ದರು. ಕಟ್ಟಿದವನು ಶಾಮಿಯಾನದ ಅಪ್ಪು. ಗುತ್ತಲಿನಲ್ಲಿ ಹುಟ್ಟಿಗೂ ಸಾವಿಗೂ ಅವನದೇ ಬಟ್ಟೆ, ಅವನದೇ ಕುರ್ಚಿ. ಮಳವಳ್ಳಿಯವರು ಬಂದಿಳಿದರು. ಮುಂದೆ ಹೊನ್ನಯ್ಯ: ಗರಿಗರಿ ಬಿಳಿ ಪಂಚೆ, ಬಿಳಿ ಷರ್ಟು, ಹೆಗಲ ಮೇಲೆ ಜರಿಯಂಚಿನ ಶಲ್ಯ, ತಿರುವಿ ನಿಲ್ಲಿಸಿದ ಮೀಸೆ. ಅವರು ಕುರ್ಚಿಯನ್ನು ಒಮ್ಮೆ ಬೆರಳಿಂದ ಒರೆಸಿ, ಬೆರಳು ನೋಡಿಕೊಂಡು ಕೂತರು. ಚಿಕ್ಕಮಾದಮ್ಮನ ಉಸಿರು ಆಗ ವಾಪಸು ಬಂತು.

ತಾಂಬೂಲದ ತಟ್ಟೆ ಹೊನ್ನಯ್ಯನವರ ಕೈಗೆ ಬರುವುದಕ್ಕೂ ಗುಡುಗು ಗುಡುಗುವುದಕ್ಕೂ ಸರಿಹೋಯಿತು. ಮೋಡ ಯಾವಾಗ ಕವಿಯಿತೋ ಯಾರೂ ನೋಡಿರಲಿಲ್ಲ. ಮೊದಲು ಪಟಪಟ ಹನಿ. ಆಮೇಲೆ ಮಳೆ. ಶಾಮಿಯಾನ ತಡೆದುಕೊಂಡಿತು, ಜನ ಕುರ್ಚಿ ಎಳೆದುಕೊಂಡು ಒತ್ತಾಗಿ ಕೂತರು.

ಆದರೆ ಕಾಂಪೌಂಡಿನ ಕಡೆ ಮಾತ್ರ ಏನೋ ಬೇರೆ ಸದ್ದು! ಉಳಿದೆಡೆಯಲ್ಲಿ ಮಳೆ ಪಟಪಟ ಎನ್ನುತ್ತಿದ್ದರೆ ಅಲ್ಲಿ ಧೋ ಎನ್ನುತ್ತಿತ್ತು. ಯಾರೋ ಮೇಲೆ ನಿಂತು ಹಂಡೆಗಟ್ಟಲೆ ಸುರಿಯುತ್ತಿದ್ದ ಹಾಗೆ.

"ಇದೇನ್ಲಾ ಇದು," ಎಂದರು ಮಳವಳ್ಳಿಯ ಒಬ್ಬ ಹಿರಿಯರು, "ಮಂಡ್ಯದಲ್ಲಿ ಮಳೆ ಒಂದೇ ಕಡೀಕೆ ಉಯ್ತದಾ?"

"ನಾಲೆ ನೀರೂ ಇಂಗೇಯ ಕಣಪ್ಪ," ಎಂದರು ಹೊನ್ನಯ್ಯ ಮೀಸೆಯಂಚಿನಲ್ಲೇ ನಗುತ್ತ. "ಒಬ್ಬನ ಗದ್ದೆಗೆ ಮೊಳಕಾಲುದ್ದ, ಇನ್ನೊಬ್ಬನ ಗದ್ದೆಗೆ ತೊಟ್ಟಿಲ್ಲ."

ಎಲ್ಲರೂ ನಕ್ಕರು. ಶಿವರಾಮುವೂ ನಗುತ್ತಲೇ ಶಾಮಿಯಾನದ ಅಂಚಿಗೆ ಬಂದು ಕತ್ತೆತ್ತಿ ನೋಡಿದ. ನಗು ಅಲ್ಲೇ ನಿಂತಿತು.

ಅವನ ಮಾಡಿನ ಅಷ್ಟುದ್ದ ಅಂಚಿನಿಂದ ಗಾಜಿನ ಹಾಳೆಯಂತೆ ನೀರು ಹಾರುತ್ತಿತ್ತು! ಶೀಟಿನ ಮೇಲಿಂದ ರಭಸವಾಗಿ ಬಂದ ನೀರು ಜಾಲರಿಯ ಮೇಲೆ ಜಾರುಬಂಡೆ ಆಡಿ, ದೋಣಿಯನ್ನು ತಿರುಗಿಯೂ ನೋಡದೆ, ಕಾಂಪೌಂಡನ್ನು ಒಂದೇ ನೆಗೆತಕ್ಕೆ ದಾಟಿ ಬೋರಯ್ಯನ ಶಾಮಿಯಾನದ ಮೇಲೆ ಬೀಳುತ್ತಿತ್ತು. ದೋಣಿಯ ಪೈಪಿನ ಬಾಯಲ್ಲಿ ಒಂದು ತೊಟ್ಟೂ ಇಲ್ಲ. ಎಲೆ ಹೋದ ದಾರಿಯಲ್ಲೇ ನೀರೂ ಹೊರಟಿತ್ತು.

ಶಿವರಾಮುವಿನ ಪಕ್ಕದಲ್ಲಿ ಯಾರೋ ನಿಂತಂತಾಯಿತು. ನಾಗಮಣಿ. ಅವಳು ಮಾಡು ನೋಡಿದಳು. ಶಾಮಿಯಾನ ನೋಡಿದಳು. ಗಂಡನನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ. ಮದುವೆಯಾದಂದಿನಿಂದ ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಶಿವರಾಮುವಿಗೆ ಗುಡುಗಿಗಿಂತ ಅದಕ್ಕೇ ಹೆಚ್ಚು ಭಯವಾಯಿತು.

ಅಷ್ಟರಲ್ಲಿ ಶಾಮಿಯಾನಕ್ಕೆ ಹೊಟ್ಟೆ ಬರತೊಡಗಿತು. ಮೊದಲು ಕುಂಬಳಕಾಯಿಯಷ್ಟು, ಆಮೇಲೆ ಕೊಪ್ಪರಿಗೆಯಷ್ಟು. ಒಂದು ಸಣ್ಣ ಕೆರೆಯೇ ತಲೆಯ ಮೇಲೆ ಜೋತಾಡುತ್ತಿತ್ತು. ಇನ್ನು ನೋಡುತ್ತ ನಿಂತರೆ ಅನಾಹುತ! ನಾನಿದ್ದೀನಿ ಎಂದವನು ಏನಾದರೂ ಮಾಡಲೇಬೇಕು. ಮೂಲೆಯಲ್ಲೊಂದು ಬಿದಿರಿನ ಗಳ ಕಂಡಿತು. ಶಿವರಾಮು ಅದನ್ನು ಕಿತ್ತುಕೊಂಡು ಈಟಿಯಂತೆ ಹಿಡಿದು ಮುನ್ನುಗ್ಗಿದ.

"ಮೇಷ್ಟ್ರೆ, ಬ್ಯಾಡಿ!" ಆಚೆಯಿಂದ ಅಪ್ಪು ಕೂಗಿಕೊಂಡ. "ನಾನು ಅಂಚಿನ ಹಗ್ಗ ಸಡಿಲ ಮಾಡ್ತೀನಿ, ತಡೀರಿ! ತಿವೀಬ್ಯಾಡಿ!"

ಶಿವರಾಮು ತಿವಿದ.

ಹೊಟ್ಟೆ ಮೇಲೆದ್ದಿತು. ನೀರು ಹೊರಗೆ ಚೆಲ್ಲುತ್ತದೆಂದು ಅವನ ಲೆಕ್ಕ. ನೀರಿನ ಲೆಕ್ಕ ಬೇರೆಯಿತ್ತು. ಅದು ಬಟ್ಟೆಯ ಮೇಲೇ ಅಲೆಯಾಗಿ ಉರುಳುತ್ತ ಉರುಳುತ್ತ ಒಳಕ್ಕೆ ಓಡಿತು. ಓಡಿ ಎಲ್ಲಿ ನಿಂತಿತು? ತಾಂಬೂಲದ ತಟ್ಟೆ ಹಿಡಿದು ಕೂತಿದ್ದ ಹೊನ್ನಯ್ಯನವರ ನೆತ್ತಿಯ ಮೇಲೆ, ನೆಟ್ಟಗೆ! ಅಲ್ಲೊಂದು ಹೊಸ ಹೊಟ್ಟೆ ಇಳಿಯಿತು. ಪರ್‌ರ್ ಎಂದು ಹೊಲಿಗೆ ಬಿಚ್ಚಿತು.

ಆಮೇಲಿನದ್ದನ್ನು ಮಳೆ ಎನ್ನುವುದು ಸರಿಯಲ್ಲ. ತೂಬು ಎತ್ತಿದ ಹಾಗೆ ಇತ್ತು.

ಸದ್ದು ನಿಂತಾಗ ಹೊನ್ನಯ್ಯನವರು ಕುರ್ಚಿಯಲ್ಲಿ ಕೂತ ಹಾಗೇ ಇದ್ದರು. ಮೀಸೆಯ ಎರಡೂ ತುದಿ ಕೆಳಗಿಳಿದು ಹನಿ ಬಿಡುತ್ತಿದ್ದವು. ಕೈಯಲ್ಲಿ ತಟ್ಟೆ ತುಂಬ ನೀರು, ನೀರಿನ ಮೇಲೆ ವೀಳ್ಯದೆಲೆ ತೇಲುತ್ತಿತ್ತು. ಅಕ್ಕಪಕ್ಕದ ಹಿರಿಯರೆಲ್ಲ ತೊಪ್ಪೆ. ಅಶೋಕನ ತಾಯಿಯ ರೇಷ್ಮೆ ಸೀರೆಯ ಬಣ್ಣ ಬಿಳಿ ಕುರ್ಚಿಗೆ ಇಳಿಯುತ್ತಿತ್ತು.

ಹೊನ್ನಯ್ಯನವರು ನಿಧಾನವಾಗಿ ಬೋರಯ್ಯನ ಕಡೆ ತಿರುಗಿದರು. "ಏನ್ ಬೀಗ್ರೆ, ತಾಂಬೂಲಕ್ಕೆ ಮುಂಚೆ ನೀರು ಉಯ್ಯೋ ಸಾಸ್ತ್ರ ನಿಮ್ಮ ಕಡೀಕೆ ಅದಾ?"

ಬೋರಯ್ಯ ಬಾಯಿ ತೆರೆದ, ಮುಚ್ಚಿದ. ಈ ಸಲ ಅವನ ಪಾಲಿನ ಮಾತಾಡಲು ಚಿಕ್ಕಮಾದಮ್ಮನಿಗೂ ಆಗಲಿಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಗಂಡಿನ ಕಡೆಯ ಹೆಂಗಸೊಬ್ಬಳು, "ಸಕುನವೇ ನೆಟ್ಟಗಿಲ್ಲ ಕಣಮ್ಮ, ಎದ್ದೇಳಿ ಓಗುವ," ಎಂದದ್ದು ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ದೀಪಿಕಳ ಮುಖ ಬಿಳುಚಿಕೊಂಡಿತು. ಅದನ್ನು ನೋಡಿ ಶಿವರಾಮುವಿನ ಕೈಯ ಗಳ ತಾನಾಗಿ ನೆಲಕ್ಕೆ ಬಿತ್ತು.

"ಎಲ್ರೂ ನಮ್ಮನೆಗೆ ಬನ್ನಿ!"

ನಾಗಮಣಿಯ ಕೌಂಟರು ತೆರೆದಿತ್ತು. "ಅಳೋದು ಆಮೇಲೆ ಅಳಿ ಚಿಕ್ಕಮಾದಮ್ಮ. ಹೆಂಗಸ್ರು ಒಳಗಿನ ರೂಮಿಗೆ, ಗಂಡಸ್ರು ಹಾಲಿಗೆ. ಬಟ್ಟೆ ಬದ್ಲಾಯಿಸ್ಕೊಂಡು ಎಲ್ರೂ ಮಹಡಿ ಹತ್ತಿ. ಊಟಾನೂ ಅಲ್ಲಿಗೇ ತರಿಸ್ತೀನಿ. ಅಣ್ಣ, ನೀವು ಮೊದ್ಲು ಏಳಿ, ಶೀತ ಆಗುತ್ತೆ. ನಮ್ಮ ಮಾಡು ಒಂದು ತೊಟ್ಟೂ ಸೋರಲ್ಲ."

ಸೋರುವುದೆಲ್ಲಿಂದ? ಅಷ್ಟೂ ನೀರು ಪಕ್ಕದ ಮನೆಗೆ ಹೋಗಿತ್ತಲ್ಲ!

ಒಂದಷ್ಟು ಹೊತ್ತಿನಲ್ಲಿ ಶಿವರಾಮುವಿನ ಬೀರು ಬರಿದಾಯಿತು. ಮಳವಳ್ಳಿಯ ಹಿರಿಯರೆಲ್ಲ ಅವನ ಪಂಚೆ, ಅವನ ಲುಂಗಿ, ಅವನ ಬನಿಯನ್ನು ತೊಟ್ಟು ಮೆಟ್ಟಿಲು ಹತ್ತಿದರು. ಮದುಮಗ ಅಶೋಕನಿಗೆ ಸಿಕ್ಕಿದ್ದು ಮೇಷ್ಟ್ರ ಹಳೆಯ ಪ್ಯಾಂಟು. ಸೊಂಟ ಎರಡು ಸುತ್ತು ದೊಡ್ಡದು, ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. ಹೊನ್ನಯ್ಯನವರಿಗೆ ಉಡಲು ಮೇಷ್ಟ್ರ ಪಂಚೆ ಸಿಕ್ಕಿತು, ಮೇಲೆ ಮೈಗೆ ಹಿಡಿಸಿದ್ದು ಒಂದೇ ಒಂದು ಟೀ ಷರ್ಟು. ಎದೆಯ ಮೇಲೆ 'ಭೌತಶಾಸ್ತ್ರ ಉಪನ್ಯಾಸಕರ ಕಾರ್ಯಾಗಾರ' ಎಂದು ಅಚ್ಚಾಗಿತ್ತು. ಅವರ ಹೊಟ್ಟೆಯ ಮೇಲೆ 'ಕಾರ್ಯಾಗಾರ' ಎಂಬ ಪದ ಎಳೆದು ಎಳೆದು ಇನ್ನೇನು ಹರಿಯುವಂತಿತ್ತು.

"ತಾಂಬೂಲದ ಮಾತು ಊಟ ಆದ್ಮ್ಯಾಕೆ," ಎಂದರು ಅವರು. ದನಿಯಲ್ಲಿ ಹೂಂ ಇರಲಿಲ್ಲ, ಊಹೂಂ ಇರಲಿಲ್ಲ. ಅದನ್ನು ಕೇಳಿ ಚಿಕ್ಕಮಾದಮ್ಮ ಇನ್ನೊಂದು ಸಲ ಅತ್ತಳು.

ಮಹಡಿಯ ಮೇಲೆ ಸಾಲಾಗಿ ಬಾಳೆಎಲೆ ಹಾಕಿದರು. ಮಳೆ ಇನ್ನೂ ಬಿಟ್ಟಿರಲಿಲ್ಲ. ಶೀಟಿನ ಮೇಲೆ ಬೀಳುವ ಸದ್ದಿಗೆ ಪಕ್ಕದವನ ಮಾತೂ ಕೇಳದು, ಎಲ್ಲರೂ ಕೂಗಿಕೊಂಡೇ ಮಾತಾಡುತ್ತಿದ್ದರು. ಶಿವರಾಮು ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಟವಲು ಸುತ್ತಿ, ಪಾಯಸದ ಬಕೆಟ್ಟು ಹಿಡಿದು ಬಡಿಸಲು ನಿಂತ. ಹೊನ್ನಯ್ಯನವರ ಎಲೆಯ ಹತ್ತಿರ ಬಂದಾಗ ಅವರು ಎಲೆ ನೋಡುತ್ತಿರಲಿಲ್ಲ. ಮಾಡಿನ ಅಂಚು ನೋಡುತ್ತಿದ್ದರು. ಅಲ್ಲಿ ಜಾಲರಿಯ ಮೇಲಿಂದ ನೀರು ಸೊಗಸಾಗಿ ಹಾರಿ, ಕೆಳಗಿನ ಖಾಲಿ ಶಾಮಿಯಾನಕ್ಕೆ ಬೀಳುತ್ತಿತ್ತು.

"ಅಲ್ಲಾ!" ಎಂದು ಹೊನ್ನಯ್ಯ ಅಬ್ಬರಿಸಿದರು. "ಮಳೆ ಅಲ್ಲ ಕಣ್ರಲಾ ನಮ್ಮ ಮ್ಯಾಲೆ ಬಿದ್ದಿದ್ದು! ಈ ಮಾಡಿನ ನೀರು! ದೋಣಿ ಮ್ಯಾಲೆ ಅದೇನೋ ಮುಚ್ಚವ್ರೆ ನೋಡು. ಮೇಷ್ಟ್ರೆ, ಯಾವನ್ರೀ ಇದ್ನ ಕೂರ್ಸಿದೋನು?"

"ಅದು... ಯಾರೋ ಫಿಟ್ಟರು," ಎಂದು ಶಿವರಾಮು ಗೊಣಗಿದ.

"ಆಂ? ಕೇಳಾಕಿಲ್ಲ!"

"ಯಾರೋ ಫಿಟ್ಟರು!" ಎಂದು ಕಿರುಚಬೇಕಾಯಿತು. ಸುಳ್ಳನ್ನು ಪಿಸುಮಾತಲ್ಲಿ ಹೇಳುವುದು ಸುಲಭ. ಕೂಗಿ ಹೇಳುವುದಿದೆಯಲ್ಲ, ಕಿವಿಯೆಲ್ಲ ಬಿಸಿಯಾಗುತ್ತದೆ.

"ಎಸ್ರೇನು ಅವ್ನದು?"

"ಹೆಸರು..." ಶಿವರಾಮುವಿನ ತಲೆಯಲ್ಲಿ ಆ ಕ್ಷಣಕ್ಕೆ ಒಂದೇ ಹೆಸರು ತೇಲುತ್ತಿತ್ತು. "ಅಪ್ಪು!"

ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ತಾನು ಹೇಳಿದ್ದು ಯಾರ ಹೆಸರೆಂದು ಹೊಳೆದದ್ದು. ಹೊಳೆಯುತ್ತಿದ್ದಂತೆ ಮೆಟ್ಟಿಲ ತುದಿಯಲ್ಲಿ ಅನ್ನದ ಕುಕ್ಕೆ ಹೊತ್ತು ಪ್ರತ್ಯಕ್ಷನಾದವನು ಯಾರು?

"ಅಪ್ಪು, ಅನ್ನ ಇತ್ಲಾಗೆ ತತ್ತಾ!" ಎಂದು ಬೋರಯ್ಯ ಕೂಗಿದ. ದಿನವಿಡೀ ಮಾತಾಡದ ಮನುಷ್ಯ ಆಗಲೇ ಬಾಯಿ ಬಿಡಬೇಕೇ!

ಹೊನ್ನಯ್ಯ ಎಲೆ ಬಿಟ್ಟು ಎದ್ದರು. ಪಂಚೆ ಎತ್ತಿ ಕಟ್ಟಿದರು. ನೇರ ಹೋಗಿ ಅಪ್ಪುವಿನ ಕೊರಳಪಟ್ಟಿಗೆ ಕೈ ಹಾಕಿದರು.

"ನೀನೇನ್ಲಾ ಅಪ್ಪು?"

"ಊಂ ಕಣಣ್ಣ, ನಾನೇಯ."

"ಎಲ್ಲಾನೂ ಮಾಡಿದೋನು ನೀನೇಯ?"

ಅಪ್ಪು ಹರಿದ ಶಾಮಿಯಾನದ ವಿಷಯವೆಂದುಕೊಂಡು ಅನ್ನದ ಕುಕ್ಕೆ ಕೆಳಗಿಟ್ಟು ಕೈ ಮುಗಿದ. "ತೆಪ್ಪಾಯ್ತು ಕಣಣ್ಣ! ಅಳೇದು ಅಂತ ನಂಗೂ ಗೊತ್ತಿತ್ತು. ಇದೊಂದು ಸಾಸ್ತ್ರ ಎಳೀತದೆ ಅಂದ್ಕಂಡೆ. ಒಟ್ಟೆಪಾಡು, ಬುಟ್ಬುಡಣ್ಣ!"

ಒಪ್ಪಿಕೊಂಡೇ ಬಿಟ್ಟ! ಶಿವರಾಮುವಿಗೆ ಒಂದು ಗಳಿಗೆ ಉಸಿರು ಹಗುರಾಯಿತು. ಮರುಗಳಿಗೆಯೇ ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೊನ್ನಯ್ಯನವರ ಇನ್ನೊಂದು ಕೈ ಮೇಲಕ್ಕೆ ಏಳುತ್ತಿತ್ತು. ಶಿವರಾಮು ಬಕೆಟ್ಟು ಹಿಡಿದೇ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮಹಡಿಯ ಆ ತುದಿಯಿಂದ ನಾಗಮಣಿ, ಮಳೆಯ ಸದ್ದನ್ನು ಮೀರಿಸಲೆಂದು ಕೊರಳನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು:

"ಅಣ್ಣಾ, ಅವನನ್ನ ಬಿಡಿ! ಜಾಲರಿ ಕೂರಿಸಿದ್ದು ಅವನಲ್ಲ! ನಿಮ್ಮ ಹಿಂದೆ ಪಾಯಸದ ಬಕೆಟ್ಟು ಹಿಡ್ಕೊಂಡು ನಿಂತವ್ರಲ್ಲ, ನಮ್ಮ ಯಜಮಾನ್ರು! ಕೂರಿಸಿದ್ದೂ ಅವರೇ, ಗಳ ಹಾಕಿ ತಿವಿದಿದ್ದೂ ಅವರೇ!"

ಅವಳು ಬಾಯಿ ತೆರೆಯುವುದಕ್ಕೂ ಮಳೆ ಪಟ್ಟನೆ ನಿಲ್ಲುವುದಕ್ಕೂ ಸರಿಹೋಯಿತು. ಅಷ್ಟೂ ಕೂಗು ಖಾಲಿ ಗಾಳಿಯಲ್ಲಿ ಒಂದಕ್ಷರ ಬಿಡದೆ ಮೊಳಗಿತು. ಎದುರುಮನೆಯ ಕಿಟಕಿಯೊಂದು ತೆರೆಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ಮೇಲಕ್ಕೆ ನೋಡಿದ.

ಎಲ್ಲರ ಕಣ್ಣೂ ಶಿವರಾಮುವಿನ ಮೇಲೆ. ಬೋರಯ್ಯನ ಕಣ್ಣು, ಅಪ್ಪುವಿನ ಕಣ್ಣು. ಚಿಕ್ಕಮಾದಮ್ಮನ ಕಣ್ಣು ಮಾತ್ರ ಮೆಲ್ಲಗೆ ಜಾಲರಿಯ ಕಡೆಗೆ, ಅಲ್ಲಿಂದ ತನ್ನ ಅಂಗಳದ ಕಡೆಗೆ ಹೋಯಿತು. "ಓ... ಅದುಕ್ಕಾ ನಾ ವತ್ತಾರೆ ಸಂದೆ ಎಲೆ ಗುಡ್ಸಿದ್ದು!"

"ಅಪ್ಪು, ನಿನ್ನ ಹೆಸರು ಹೇಳಿದ್ದು ತಪ್ಪಾಯ್ತು," ಎಂದ ಶಿವರಾಮು. ಮಳೆ ನಿಂತಿದ್ದರಿಂದ ಸಣ್ಣ ದನಿಯೂ ಎಲ್ಲರಿಗೂ ಕೇಳಿಸಿತು. "ಯಜಮಾನ್ರೆ, ಕೋಪ ಇದ್ರೆ ನನ್ನ ಮೇಲೆ ಇರಲಿ. ಈ ಹುಡುಗಿ ಮೇಲೆ, ಇವರ ಮನೆ ಮೇಲೆ ಬೇಡ. ಶಕುನ ಅಲ್ಲ ಅದು. ನಾನು."

ಹೊನ್ನಯ್ಯ ಅಪ್ಪುವಿನ ಕೊರಳಪಟ್ಟಿ ಬಿಟ್ಟರು. ಆಗ ಎಲ್ಲಿಂದಲೋ ಕಿಸಕ್ ಎಂದಿತು. ಕೆಂಪಗಾದ ಮುಖ ಹೊತ್ತು ಅಶೋಕ ನಗು ತಡೆಯಲು ಹೆಣಗುತ್ತಿದ್ದ. ತಡೆಯಲು ಹೋಗಿ ಪ್ಯಾಂಟಿನ ಕೈ ಬಿಟ್ಟ. ಪ್ಯಾಂಟು ಇಳಿಯಿತು. ಅವನು ಗಬಕ್ಕನೆ ಹಿಡಿದುಕೊಂಡ. ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ದೀಪಿಕ ಅದನ್ನು ಕಂಡು ಫಕ್ಕನೆ ನಕ್ಕಳು. ಅವಳು ನಕ್ಕದ್ದು ನೋಡಿ ಇವನು ಇನ್ನೂ ಜೋರಾಗಿ ನಕ್ಕ, ಇವನದು ನೋಡಿ ಅವಳು ಗೋಡೆ ಹಿಡಿದು ಕೂತೇ ಬಿಟ್ಟಳು.

ಹೊನ್ನಯ್ಯ ಅವರಿಬ್ಬರನ್ನೂ ಒಂದು ಸಲ ನೋಡಿದರು. ಹಿಂಡಿದಂತಿದ್ದ ಮೀಸೆಯ ತುದಿ ಒಂಚೂರು ಮೇಲೆದ್ದಿತು.

"ಇವೆರಡೂ ಆಗ್ಲೇ ಒಂದು ಕಡೀಕೆ ಸೇರ್ಕಂಡವೆ. ಇನ್ನು ನಮ್ದೇನ್ ಅದೆ? ಬೀಗ್ರೆ, ಒಣಗಿರೋ ವೀಳ್ಯದೆಲೆ ಇದ್ರೆ ತತ್ತನ್ನಿ."

ಚಿಕ್ಕಮಾದಮ್ಮ ಮೂರನೆಯ ಸಲ ಅತ್ತಳು. ಈ ಸಲದ ಅಳು ಬೇರೆ. ತಾಂಬೂಲ ಬದಲಾಯಿತು. ನಾಗಮಣಿ ಎಲ್ಲರ ಹಣೆಗೂ ಕುಂಕುಮ ಇಟ್ಟಳು. ಹಿರಿಯರು ಮತ್ತೆ ಎಲೆಯ ಮುಂದೆ ಕೂತರು. ಶಿವರಾಮು ಬಕೆಟ್ಟು ಹಿಡಿದು ನಿಂತಲ್ಲೇ ನಿಂತಿದ್ದ.

"ಮೇಷ್ಟ್ರೆ," ಎಂದರು ಹೊನ್ನಯ್ಯ, "ಪಾಯ್ಸ ಬುಡಿ. ಎಲೆ ಮ್ಯಾಲೆ ಬುಡಿ. ಪಕ್ಕದೋನ ತಲೆ ಮ್ಯಾಲಲ್ಲ."

ಮಹಡಿಯೆಲ್ಲ ನಕ್ಕಿತು. ಶಿವರಾಮು ತನ್ನ ವಿದ್ಯೆ, ಬುದ್ಧಿ, ಗಮನ ಎಲ್ಲವನ್ನೂ ಒಂದೇ ಸೌಟಿನ ಮೇಲೆ ಇಟ್ಟು, ಉಸಿರು ಬಿಗಿ ಹಿಡಿದು, ಎಲೆಯ ನಟ್ಟನಡುವೆ ಗುರಿಯಿಟ್ಟು ಬಾಗಿದ. ಸೌಟು ಬಕೆಟ್ಟಿನ ಅಂಚಿಗೆ ತಗುಲಿತು. ಪಾಯಸ ಸೀದಾ ಹೊನ್ನಯ್ಯನವರ ತೊಡೆಯ ಮೇಲೆ ಬಿತ್ತು.

ಹೊನ್ನಯ್ಯನವರು ತೊಡೆಯನ್ನು ನೋಡಿಕೊಂಡರು. ಒಂದು ಗೋಡಂಬಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಓಗ್ಲಿ ಬುಡಿ ಮೇಷ್ಟ್ರೆ," ಎಂದರು. "ಪಂಚೆ ನಿಮ್ದೇ ಅಲ್ವಾ."